ಯುರೆಥ್ರಾದ ಡೈವರ್ಟಿಕ್ಯುಲಮ್: ಎಂಸಿಯು ನಾರ್ಮಲ್ ಬಂದ ಮೇಲೆ ಮುಂದೇನು?

ಮಲೆನಾಡ ವೈದ್ಯೆ (ಸ್ತ್ರೀರೋಗ ವಿಭಾಗ)

ನಲವತ್ತರ ಆಸುಪಾಸಿನ ಮಹಿಳೆ, ಎರಡು ಹೆರಿಗೆ ಆಗಿದೆ. ಎರಡು ವರ್ಷದಿಂದ ಮತ್ತೆ ಮತ್ತೆ ಉರಿಮೂತ್ರ. ಆಂಟಿಬಯೋಟಿಕ್ ಕೊಟ್ಟರೆ ಕಡಿಮೆಯಾಗಿ ತಿಂಗಳೊಳಗೆ ಮರುಕಳಿಸುತ್ತದೆ. ಮೂತ್ರ ಮಾಡಿ ಎದ್ದ ಮೇಲೆ ಬಟ್ಟೆ ಒದ್ದೆಯಾಗುತ್ತದೆ, ಸಂಭೋಗದಲ್ಲಿ ನೋವಿದೆ. ಪರೀಕ್ಷೆ ಮಾಡಿದಾಗ ಯೋನಿಯ ಮುಂಗೋಡೆಯಲ್ಲಿ, ಮೂತ್ರದ್ವಾರದಿಂದ ಸುಮಾರು 2 ಸೆಂ.ಮೀ. ಒಳಗೆ, ಅಡಿಕೆ ಗಾತ್ರದ ಮೆತ್ತನೆಯ ಉಬ್ಬು. ಮೆಲ್ಲಗೆ ಒತ್ತಿದರೆ ಮೂತ್ರದ್ವಾರದಿಂದ ಎರಡು ಹನಿ ಕಲಕು ದ್ರವ ಬಂತು.

ಯೋನಿ ಮಾರ್ಗದ ಸ್ಕ್ಯಾನ್‌ನಲ್ಲಿ ಗರ್ಭಕೋಶ, ಅಂಡಾಶಯ ನಾರ್ಮಲ್ ಎಂದಷ್ಟೇ ಬರೆದಿದ್ದಾರೆ. ಎಂಸಿಯು (ಮೂತ್ರಕೋಶಕ್ಕೆ ಎಕ್ಸ್‌ರೇಯಲ್ಲಿ ಕಾಣುವ ಕಾಂಟ್ರಾಸ್ಟ್ ದ್ರವ ತುಂಬಿ, ಮೂತ್ರ ಮಾಡುವಾಗ ತೆಗೆಯುವ ಚಿತ್ರ) ಕೂಡ ನಾರ್ಮಲ್.

ನನ್ನ ಪ್ರಶ್ನೆಗಳು: ಎಂಸಿಯು ನಾರ್ಮಲ್ ಎಂದರೆ ಡೈವರ್ಟಿಕ್ಯುಲಮ್ (ಯುರೆಥ್ರಾ, ಅಂದರೆ ಮೂತ್ರನಾಳದ, ಗೋಡೆಯಿಂದ ಹೊರಕ್ಕೆ ಉಬ್ಬಿದ ಚೀಲ) ಇಲ್ಲವೆಂದು ಬಿಟ್ಟುಬಿಡಬಹುದೆ? ಎಂಆರ್‌ಐಗೆ ಕಳಿಸುವುದಾದರೆ ಚೀಟಿಯಲ್ಲಿ ಏನು ಬರೆಯಬೇಕು? ಸಿಸ್ಟೊಸ್ಕೋಪಿಯಲ್ಲಿ (ಮೂತ್ರದ್ವಾರದಿಂದ ಸ್ಕೋಪ್ ಹಾಕಿ ನೋಡುವಾಗ) ಚೀಲದ ಬಾಯಿ ಕಾಣದಿದ್ದರೆ ಏನು ಅರ್ಥ? ಸೂಜಿ ಹಾಕಿ ದ್ರವ ಎಳೆದು ನೋಡಬಹುದೆ?

---

ಟಿ2 ರೇಡಿಯಾಲಜಿ

ಮೇಡಂ, ಮೊದಲ ಪ್ರಶ್ನೆಗೆ ಉತ್ತರ: ಬಿಡಬೇಡಿ. ಎಂಸಿಯುನಲ್ಲಿ ಈ ಚೀಲ ಕಾಣಬೇಕಾದರೆ ಮೂರು ಸಂಗತಿ ಒಟ್ಟಿಗೆ ಕೂಡಿಬರಬೇಕು. ಆಕೆ ಎಕ್ಸ್‌ರೇ ಮುಂದೆ ಧಾರೆಯಾಗಿ ಮೂತ್ರ ಮಾಡಬೇಕು, ಚೀಲದ ಬಾಯಿ ತೆರೆದಿರಬೇಕು, ಒಳಗೆ ಕೀವು ತುಂಬಿ ಕಾಂಟ್ರಾಸ್ಟ್‌ಗೆ ಜಾಗವೇ ಇಲ್ಲದಂತೆ ಆಗಿರಬಾರದು. ಎಷ್ಟೋ ಹೆಂಗಸರು ಅಪರಿಚಿತರ ಎದುರು, ಅದೂ ನಿಂತುಕೊಂಡು, ಮೂತ್ರ ಮಾಡಲಾರರು. ನಾಲ್ಕು ಹನಿ ಬಿದ್ದರೆ ಯುರೆಥ್ರಾ ಅರಳುವುದಿಲ್ಲ, ಚೀಲ ತುಂಬುವುದಿಲ್ಲ, ರಿಪೋರ್ಟ್ ಮಾತ್ರ ನಾರ್ಮಲ್ ಆಗುತ್ತದೆ.

ಹಳೆಯ ಫಿಲ್ಮ್‌ಗಳನ್ನು ತರಿಸಿ ನೋಡಿ. ಮೂತ್ರ ಮಾಡುವಾಗ ತೆಗೆದ ಓಬ್ಲಿಕ್ ಅಥವಾ ಪಕ್ಕದ ಚಿತ್ರ ಇದೆಯೆ? ಮಾಡಿ ಮುಗಿಸಿದ ಮೇಲಿನ ಚಿತ್ರ ಇದೆಯೆ? ಕೊನೆಯ ಈ ಚಿತ್ರವೇ ಎಲ್ಲಕ್ಕಿಂತ ಮುಖ್ಯ, ಆದರೆ ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ. ಮೂತ್ರಕೋಶ ಖಾಲಿಯಾದ ಮೇಲೂ ಸಿಂಫಿಸಿಸ್ (ಮುಂಭಾಗದಲ್ಲಿ ಸೊಂಟದ ಮೂಳೆಗಳು ಕೂಡುವ ಜಾಗ) ಹತ್ತಿರ, ಮೂತ್ರಕೋಶದ ತಳದ ಕೆಳಗೆ, ಒಂದು ತೊಟ್ಟು ಕಾಂಟ್ರಾಸ್ಟ್ ಉಳಿದಿದ್ದರೆ ಅದು ಚೀಲ. ಯೋನಿಯೊಳಗೆ ಹಿಂದಕ್ಕೆ ಹರಿದ ಕಾಂಟ್ರಾಸ್ಟ್ ಕೂಡ ಹಾಗೇ ಕಾಣಬಹುದು. ಒರೆಸಿ ಮತ್ತೊಂದು ಚಿತ್ರ ತೆಗೆದರೆ ಸಂಶಯ ಹೋಗುತ್ತದೆ.

ಯೋನಿ ಸ್ಕ್ಯಾನ್ ತಪ್ಪಿಸಿಕೊಂಡದ್ದಕ್ಕೂ ಕಾರಣ ಸರಳ. ಪ್ರೋಬ್ ನೇರವಾಗಿ ಮೇಲಕ್ಕೆ, ಗರ್ಭಕೋಶದ ಕಂಠದ ತನಕ ಹೋಗಿಬಿಡುತ್ತದೆ. ಯುರೆಥ್ರಾ ಇರುವುದು ದಾರಿಯಲ್ಲೇ, ಮೊದಲ 3–4 ಸೆಂ.ಮೀ.ನಲ್ಲಿ. ಪ್ರೋಬನ್ನು ಬಾಗಿಲ ತನಕ ಹಿಂದಕ್ಕೆಳೆದು, ತುದಿಯನ್ನು ಮುಂದಕ್ಕೆ ತಿರುಗಿಸಿ, ಕೈಭಾರ ಹಾಕದೆ ನೋಡಬೇಕು. ಒತ್ತಿದರೆ ಮೆತ್ತನೆ ಚೀಲ ಚಪ್ಪಟೆಯಾಗಿ ಮಾಯವಾಗುತ್ತದೆ. ಲೇಬಿಯಾ ಮೇಲೆ ಪ್ರೋಬ್ ಇಟ್ಟು ನೋಡುವುದು ಇನ್ನೂ ಒಳ್ಳೆಯದು, ಅಲ್ಲಿ ಒತ್ತಡ ಕಡಿಮೆ. ಒಂದು ಎಚ್ಚರಿಕೆ: ಆ ಕೋನದಲ್ಲಿ ನಾರ್ಮಲ್ ಯುರೆಥ್ರಾವೇ ಕಪ್ಪು ಪಟ್ಟಿಯಂತೆ ಕಾಣುತ್ತದೆ. ಅದನ್ನು ದ್ರವ ಅಂದುಕೊಳ್ಳಬಾರದು.

ಈಗ ಎಂಆರ್‌ಐ. "ಎಂಆರ್‌ಐ ಪೆಲ್ವಿಸ್" ಎಂದಷ್ಟೇ ಬರೆದರೆ ಗರ್ಭಕೋಶಕ್ಕೆ ಹೊಂದಿಸಿದ ದಪ್ಪ ಸ್ಲೈಸ್‌ಗಳು ಬರುತ್ತವೆ. ಯುರೆಥ್ರಾ ಅದರಲ್ಲಿ ನಾಲ್ಕೈದು ಚಿತ್ರಕ್ಕೆ ಮುಗಿದುಹೋಗುತ್ತದೆ. ಚೀಟಿಯಲ್ಲಿ ಹೀಗೆ ಬರೆಯಿರಿ: ಯುರೆಥ್ರಾದ ಡೈವರ್ಟಿಕ್ಯುಲಮ್ ಸಂಶಯ, ಟಿ2 (ದ್ರವ ಬೆಳ್ಳಗೆ ಕಾಣುವ ಚಿತ್ರ) ಮೂರು ದಿಕ್ಕಿನಲ್ಲೂ, ಫ್ಯಾಟ್ ಸಪ್ರೆಷನ್ ಇಲ್ಲದೆ, 3 ಮಿ.ಮೀ. ಸ್ಲೈಸ್, ಫೀಲ್ಡ್ ಆಫ್ ವ್ಯೂ 18–20 ಸೆಂ.ಮೀ.; ಆಕ್ಸಿಯಲ್ ಅನ್ನು ದೇಹಕ್ಕಲ್ಲ, ಯುರೆಥ್ರಾದ ಉದ್ದಕ್ಕೆ ಅಡ್ಡಲಾಗಿ ಹಾಕಬೇಕು; ಡಿಫ್ಯೂಷನ್ (ನೀರಿನ ಕಣಗಳ ಚಲನೆ ತೋರಿಸುವ ಚಿತ್ರ); ಫ್ಯಾಟ್ ಸಪ್ರೆಷನ್ ಜೊತೆ ಟಿ1, ಗ್ಯಾಡೋಲಿನಿಯಮ್‌ಗೆ ಮೊದಲು ಮತ್ತು ಆಮೇಲೆ (ಗ್ಯಾಡೋಲಿನಿಯಮ್ ಎಂದರೆ ರಕ್ತನಾಳಕ್ಕೆ ಕೊಡುವ ಎಂಆರ್‌ಐ ಕಾಂಟ್ರಾಸ್ಟ್). ಮೇಲಿಟ್ಟು ಕಟ್ಟುವ ಪೆಲ್ವಿಕ್ ಕಾಯಿಲ್ ಸಾಕು. ಒಳಗಿಡುವ ಕಾಯಿಲ್ ಚಿತ್ರ ಚೆಂದ ಕೊಟ್ಟರೂ ಚೀಲವನ್ನೇ ಅದುಮಿ ಆಕಾರ ಕೆಡಿಸುತ್ತದೆ.

ಇನ್ನೊಂದು ಮಾತು, ಇದು ಯಾವ ಪ್ರೋಟೋಕಾಲ್ ಹಾಳೆಯಲ್ಲೂ ದಪ್ಪಕ್ಷರದಲ್ಲಿ ಇರಬೇಕು: ಸ್ಕ್ಯಾನ್ ದಿನ ಆ ಉಬ್ಬನ್ನು ಯಾರೂ ಹಿಂಡಬಾರದು. ಬೆಳಿಗ್ಗೆ ಓಪಿಡಿಯಲ್ಲಿ ಹಿಂಡಿ ಖಾಲಿ ಮಾಡಿ ಮಧ್ಯಾಹ್ನ ಎಂಆರ್‌ಐಗೆ ಕಳಿಸಿದರೆ ಮಡಚಿಕೊಂಡ ಖಾಲಿ ಚೀಲ ಗೋಡೆಯ ಜೊತೆ ಬೆರೆತು ಕಾಣಿಸುವುದಿಲ್ಲ. ಬದಲಿಗೆ ಟೇಬಲ್ ಹತ್ತುವ ಮೊದಲು ಶೌಚಾಲಯಕ್ಕೆ ಕಳಿಸಿ. ಮೂತ್ರ ಮಾಡುವ ಒತ್ತಡಕ್ಕೆ ಚೀಲ ತುಂಬುತ್ತದೆ, ಮೂತ್ರಕೋಶ ಖಾಲಿಯಾಗುತ್ತದೆ. ಎರಡೂ ನಮಗೆ ಬೇಕಾದದ್ದೇ.

---

ಯೂರೊ ಹುಬ್ಬಳ್ಳಿ

ರೇಡಿಯಾಲಜಿ ಸರ್ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ನಾನು ಎಂಡೋಸ್ಕೋಪಿ ಮತ್ತು ಸೂಜಿಯ ವಿಷಯ ಹೇಳುತ್ತೇನೆ.

ಸೂಜಿ ಈಗ ಬೇಡ ಮೇಡಂ. ದ್ರವ ಎಳೆದರೆ ಚೀಲ ಕುಗ್ಗುತ್ತದೆ, ಒಳಗೆ ರಕ್ತ ಸೇರಿ ಎಂಆರ್‌ಐ ಕಲಸಿಹೋಗುತ್ತದೆ, ಸೋಂಕು ಏರುತ್ತದೆ. ಯೋನಿಯ ಕಡೆಯಿಂದ ಕೊಯ್ದು ಕೀವು ತೆಗೆಯುವುದಂತೂ ಇನ್ನೂ ಅಪಾಯ. ಒಳಗಿನ ಬಾಯಿ ಯುರೆಥ್ರಾಗೆ, ಹೊರಗಿನ ಗಾಯ ಯೋನಿಗೆ, ನಡುವೆ ಮೂತ್ರ ಹರಿಯುವ ದಾರಿ. ಅಂದರೆ ಫಿಸ್ಟುಲಾ ನಾವೇ ಮಾಡಿಕೊಟ್ಟ ಹಾಗೆ.

ಈ ಚೀಲ ಎಲ್ಲಿಂದ ಹುಟ್ಟುತ್ತದೆ ಅನ್ನುವುದು ತಲೆಯಲ್ಲಿದ್ದರೆ ಹುಡುಕುವುದು ಸುಲಭ. ಯುರೆಥ್ರಾದ ಸುತ್ತಲಿನ ಗ್ರಂಥಿಗಳು ಸೋಂಕಿನಿಂದ ಕಟ್ಟಿಕೊಂಡು, ಬಾವಾಗಿ, ಒಳಕ್ಕೆ ಒಡೆದು ಚೀಲವಾಗುತ್ತವೆ ಎಂಬ ವಿವರಣೆ ರೌತ್ 1890ರಲ್ಲಿ ಕೊಟ್ಟದ್ದು, ಇಂದಿಗೂ ಅದೇ ನಿಂತಿದೆ. ಹಫ್‌ಮನ್ 1948ರಲ್ಲಿ ಮೇಣದ ಮಾದರಿ ಮಾಡಿ ಆ ಗ್ರಂಥಿಗಳ ಜಾಲ ತೋರಿಸಿದರು. ಅವು ದಟ್ಟವಾಗಿರುವುದು ಹಿಂಬದಿಯ ಇಕ್ಕೆಲಗಳಲ್ಲಿ. ಹಾಗಾಗಿ ಬಾಯಿ ಸಾಮಾನ್ಯವಾಗಿ ಯುರೆಥ್ರಾದ ನಡುಭಾಗದಲ್ಲಿ, 4 ಅಥವಾ 8 ಗಂಟೆಯ ಜಾಗದಲ್ಲಿ (ಯುರೆಥ್ರಾವನ್ನು ಗಡಿಯಾರ ಅಂದುಕೊಳ್ಳಿ: 12 ಮುಂಬದಿ, 6 ಹಿಂಬದಿ). ಮೊದಲು ಅಲ್ಲೇ ನೋಡಿ.

ಸಾಮಾನ್ಯ ಸಿಸ್ಟೊಸ್ಕೋಪ್ ಹಾಕಿ "ನಾರ್ಮಲ್" ಎಂದು ಬರೆಯುವುದಕ್ಕೆ ದೊಡ್ಡ ಕಾರಣ ಶೀತ್, ಅಂದರೆ ಲೆನ್ಸ್ ಕೂರುವ ಹೊರಕೊಳವೆ. ಗಂಡಸರ ಯುರೆಥ್ರಾಗೆ ಮಾಡಿದ, ಕೊಕ್ಕಿನ ತುದಿಯ ಶೀತ್‌ನಲ್ಲಿ ಲೆನ್ಸ್ ಆ ಕೊಕ್ಕಿನ ತುದಿಯಿಂದ ಹಿಂದಿರುತ್ತದೆ, 3–4 ಸೆಂ.ಮೀ. ಉದ್ದದ ಯುರೆಥ್ರಾದಲ್ಲಿ ಕೊಕ್ಕು ಒಳಗೆ, ತೂತು ಹೊರಗೆ, ನೀರೆಲ್ಲ ಸೋರಿಹೋಗುತ್ತದೆ. ಗೋಡೆಗಳು ಅಂಟಿಕೊಂಡೇ ಇರುತ್ತವೆ, ಮಡಿಕೆಯೊಳಗಿನ ಸಣ್ಣ ಬಾಯಿ ಕಾಣುವುದು ಹೇಗೆ? ಕೊಕ್ಕಿಲ್ಲದ, ಮೊಂಡು ತುದಿಯ ಶೀತ್ ಬೇಕು. ಲೆನ್ಸ್ 0 ಡಿಗ್ರಿ. ಇಲ್ಲದಿದ್ದರೆ 12 ನಡೆಯುತ್ತದೆ. 30ರ ಲೆನ್ಸ್ ಒಂದು ಬದಿ ಮಾತ್ರ ತೋರಿಸುತ್ತದೆ, ತಿರುಗಿಸುತ್ತ ಇರಬೇಕು.

ಮಾಡುವ ಕ್ರಮ ಹೀಗೆ. ಮೂತ್ರದ ಕಲ್ಚರ್ ಸ್ಟೆರೈಲ್ ಆದ ಮೇಲೆಯೇ. ಮುಂಚೆ ಕ್ಯಾಥೆಟರ್, ಡೈಲೇಟರ್ ಯಾವುದೂ ಹಾಕಬೇಡಿ. ಕೆರೆದ ಗುರುತನ್ನು ಬಾಯಿ ಅಂದುಕೊಳ್ಳುವ ಸಾಧ್ಯತೆ ಇದೆ. ನೀರು ಬಿಟ್ಟುಕೊಂಡೇ ಸ್ಕೋಪ್ ಒಳಗೆ ಹೋಗಲಿ. ಬ್ಲ್ಯಾಡರ್ ನೆಕ್ (ಮೂತ್ರಕೋಶ ಯುರೆಥ್ರಾಗೆ ಕೂಡುವ ಜಾಗ) ತಲುಪಿದ ಮೇಲೆ ಇನ್ನೊಂದು ಕೈಯ ಬೆರಳನ್ನು ಯೋನಿಯಲ್ಲಿಟ್ಟು ನೆಕ್ ಅನ್ನು ಮೇಲಕ್ಕೆ ಒತ್ತಿ ಮುಚ್ಚಿ. ಮೂತ್ರಕೋಶಕ್ಕೆ ನೀರು ಹೋಗುವ ದಾರಿ ನಿಂತು ಯುರೆಥ್ರಾ ಅರಳುತ್ತದೆ. ಮೂತ್ರದ್ವಾರದ ಬಳಿ ಸೋರುತ್ತಿದ್ದರೆ ಅಸಿಸ್ಟೆಂಟ್ ಗಾಜ್ ಹಿಡಿದು ಶೀತ್ ಸುತ್ತ ಮೆಲ್ಲಗೆ ಅದುಮಲಿ. ಈಗ ಮಿಲಿಮೀಟರ್ ಲೆಕ್ಕದಲ್ಲಿ ಹಿಂದಕ್ಕೆ ಬನ್ನಿ. ಬೆರಳನ್ನು ಉಬ್ಬಿನ ಮೇಲೆ ಸರಿಸಿ ಒತ್ತಿ. ಯಾವ ಮಡಿಕೆಯಿಂದ ಕೀವಿನ ಎಳೆ ಬರುತ್ತದೆಯೋ ಅದೇ ಬಾಯಿ. ಒಂದೇ ಸಲಕ್ಕೆ ಜೋರಾಗಿ ಹಿಂಡಿದರೆ ನೀರೆಲ್ಲ ಕಲಕಿ, ಮೂಲ ಯಾವುದು ಗೊತ್ತಾಗದೆ ಹೋಗುತ್ತದೆ, ಎರಡನೇ ಅವಕಾಶ ಇರುವುದಿಲ್ಲ. ಒಂದು ಬಾಯಿ ಸಿಕ್ಕಿತೆಂದು ನಿಲ್ಲಿಸಬೇಡಿ, ಎರಡನೆಯದು ಇರಬಹುದು. ಕೊನೆಗೆ 70ರ ಲೆನ್ಸ್‌ನಲ್ಲಿ ಮೂತ್ರಕೋಶ ಪೂರ್ತಿ ನೋಡಿ, ಎರಡೂ ಯುರೇಟರ್ (ಕಿಡ್ನಿಯಿಂದ ಮೂತ್ರ ತರುವ ನಾಳ) ಬಾಯಿ ಅವುಗಳ ಜಾಗದಲ್ಲೇ ಇವೆಯೆ ಖಚಿತಪಡಿಸಿಕೊಳ್ಳಿ. ಎಕ್ಟೋಪಿಕ್ ಯುರೇಟರೋಸೀಲ್ (ತಪ್ಪು ಜಾಗದಲ್ಲಿ ತೆರೆದು ಉಬ್ಬಿದ ಯುರೇಟರ್ ತುದಿ) ಕೂಡ ಇದೇ ಜಾಗದಲ್ಲಿ ಉಬ್ಬಿ ಮೋಸ ಮಾಡುತ್ತದೆ, ಅದನ್ನು ಚೀಲವೆಂದು ಕತ್ತರಿಸಿದರೆ ಕಿಡ್ನಿಯ ಮೂತ್ರ ಎಲ್ಲಿಗೆ ಹೋಗಬೇಕು!

ಬಾಯಿ ಕಾಣದಿದ್ದರೆ? ಚೀಲ ಇಲ್ಲ ಎಂದು ಅರ್ಥವಲ್ಲ. ಬಾಯಿ ಊತದಿಂದ ಮುಚ್ಚಿರಬಹುದು, ಅಥವಾ ಒಳಪೊರೆಯ ಸಂದಿಯಲ್ಲಿ ಅಡಗಿರಬಹುದು. ಎಂಆರ್‌ಐ ಚೀಲ ತೋರಿಸಿದರೆ ಎಂಆರ್‌ಐ ಮಾತೇ ಮೇಲು.

---

ಓಟಿ ಟೇಬಲ್ (ಎಂಡೋಸ್ಕೋಪಿ ಟೆಕ್ನಿಷಿಯನ್)

ಯೂರೊ ಸರ್ ಹೇಳಿದ ಕೇಸ್‌ಗೆ ಟ್ರೇ ಹೇಗಿರಬೇಕು ಎಂಬುದನ್ನಷ್ಟೇ ಸೇರಿಸುತ್ತೇನೆ. ಕೊಕ್ಕಿಲ್ಲದ ಶೀತ್ ಸೆಟ್‌ನಲ್ಲಿ ಇದೆಯೆ ಎಂದು ಹಿಂದಿನ ದಿನವೇ ತೆರೆದು ನೋಡಿ. ಸೆಟ್ ಹೆಸರು ಒಂದೇ, ಒಳಗಿರುವುದು ಬೇರೆಯೇ ಆಗಿರುತ್ತದೆ. 17 ಫ್ರೆಂಚ್ ಶೀತ್, 0 ಮತ್ತು 70 ಡಿಗ್ರಿ ಲೆನ್ಸ್, ನಾರ್ಮಲ್ ಸಲೈನ್. ಬಾಟಲಿ ಟೇಬಲ್‌ನಿಂದ 60–80 ಸೆಂ.ಮೀ. ಎತ್ತರ ಸಾಕು. ಗಾಳಿಗುಳ್ಳೆಗಳನ್ನು ಟ್ಯೂಬ್‌ನಿಂದ ಪೂರ್ತಿ ಹೊರಹಾಕಿ, ಯಾಕೆಂದರೆ 12 ಗಂಟೆಯಲ್ಲಿ ಕೂರುವ ಗುಳ್ಳೆ ನೋಟ ಮರೆಮಾಡುತ್ತದೆ. ಲಿಗ್ನೋಕೇನ್ ಜೆಲ್ ಹೆಚ್ಚು ಹಾಕಿದರೆ ಲೆನ್ಸ್ ಮಸುಕಾಗುತ್ತದೆ, ಜೆಲ್ ಎಳೆ ಕೀವಿನ ಎಳೆಯಂತೆಯೇ ಕಾಣುತ್ತದೆ. ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಸಲೈನ್ ಬಿಟ್ಟು ತೊಳೆದ ಮೇಲೆ ನೋಡುವುದು ಒಳಿತು. ಕ್ಯಾಮೆರಾ ತಲೆ ನೆಟ್ಟಗಿರಬೇಕು. ಅದು ತಿರುಗಿದ್ದರೆ 4 ಗಂಟೆ ಎಂದು ಬರೆದದ್ದು ನಿಜಕ್ಕೂ 6 ಗಂಟೆ ಆಗಿರುತ್ತದೆ. ಗಾಳಿಗುಳ್ಳೆ ಮೂತ್ರಕೋಶದ ಮೇಲ್ಭಾಗದಲ್ಲಿ ಎಲ್ಲಿ ನಿಂತಿದೆ ನೋಡಿದರೆ 12 ಗಂಟೆ ಗೊತ್ತಾಗುತ್ತದೆ. ಆ ಒಂದು ಉಪಕಾರ ಗುಳ್ಳೆಯಿಂದ ಇದೆ.

---

ಮಲೆನಾಡ ವೈದ್ಯೆ

ಎಲ್ಲರಿಗೂ ಧನ್ಯವಾದ. ಕಲ್ಚರ್‌ನಲ್ಲಿ ಇ.ಕೋಲೈ ಬಂದಿತ್ತು, ಔಷಧಿ ಕೊಟ್ಟು ಸ್ಟೆರೈಲ್ ಆದ ಮೇಲೆ ನೀವು ಹೇಳಿದ ಹಾಗೆ ಎಂಆರ್‌ಐ ಮಾಡಿಸಿದೆ. ಹಳೆಯ ಎಂಸಿಯುನಲ್ಲಿ ಮೂತ್ರ ಮಾಡಿದ ಮೇಲಿನ ಚಿತ್ರ ನಿಜಕ್ಕೂ ಇರಲಿಲ್ಲ.

ರಿಪೋರ್ಟ್: ಟಿ2ನಲ್ಲಿ ಬೆಳ್ಳಗೆ ಕಾಣುವ ಚೀಲ, ಯುರೆಥ್ರಾದ ನಡುಭಾಗದಿಂದ ಮೇಲಕ್ಕೆ, 3 ಗಂಟೆಯಿಂದ 6ರ ಮೂಲಕ 9ರ ತನಕ ಕುದುರೆಲಾಳದ ಆಕಾರ. 2.6 × 2.2 × 1.9 ಸೆಂ.ಮೀ. ಕೆಳಭಾಗದಲ್ಲಿ ತಳಕ್ಕೆ ಕೂತ ಗಸಿಯ ಮಟ್ಟ. ಡಿಫ್ಯೂಷನ್‌ನಲ್ಲಿ ಆ ಭಾಗ ಹೊಳೆಯುತ್ತದೆ. ಗೋಡೆ ತೆಳುವಾಗಿ ಒಂದೇ ಸಮನಾಗಿ ಗ್ಯಾಡೋಲಿನಿಯಮ್ ಹೀರಿ ಎನ್‌ಹ್ಯಾನ್ಸ್ ಆಗುತ್ತದೆ. ಬಾಯಿ 5 ಗಂಟೆಯಲ್ಲಿ ಇರಬಹುದು. ಮೇಲಂಚಿನಿಂದ ಬ್ಲ್ಯಾಡರ್ ನೆಕ್‌ಗೆ 8 ಮಿ.ಮೀ.

ಡಿಫ್ಯೂಷನ್ ಹೊಳೆಯುವುದು ಕ್ಯಾನ್ಸರ್ ಇರಬಹುದೆಂಬ ಭಯ. ಜೊತೆಗೆ ಆಕೆ ಈಗ ಕೆಮ್ಮಿದರೂ ಮೂತ್ರ ಸೋರುತ್ತದೆ ಎನ್ನುತ್ತಾರೆ. ಚೀಲ ತೆಗೆಯುವಾಗಲೇ ಟೇಪ್ (ಸೋರಿಕೆ ತಡೆಯಲು ಯುರೆಥ್ರಾ ಕೆಳಗೆ ಇಡುವ ಮೆಶ್ ಪಟ್ಟಿ) ಹಾಕಿಬಿಡಬಹುದೆ?

---

ಟಿ2 ರೇಡಿಯಾಲಜಿ

ದಪ್ಪ ಕೀವು ಕೂಡ ಡಿಫ್ಯೂಷನ್‌ನಲ್ಲಿ ಹೊಳೆಯುತ್ತದೆ, ಅದೊಂದರಿಂದ ಕ್ಯಾನ್ಸರ್ ಎನ್ನಲಾಗದು. ಹೊಳೆಯುವ ಭಾಗವೇ ಗ್ಯಾಡೋಲಿನಿಯಮ್ ಹೀರಿಕೊಳ್ಳುತ್ತದೆಯೆ ಎಂಬುದು ಪ್ರಶ್ನೆ. ಕೀವು, ಗಸಿ ಹೀರಿಕೊಳ್ಳುವುದಿಲ್ಲ, ಗಡ್ಡೆ ಹೀರಿಕೊಳ್ಳುತ್ತದೆ. ಟಿ1ನಲ್ಲಿ ಮೊದಲೇ ಬೆಳ್ಳಗಿರುವ ಪ್ರೋಟೀನ್ ಅಥವಾ ರಕ್ತ ಆಮೇಲಿನ ಚಿತ್ರದಲ್ಲೂ ಬೆಳ್ಳಗೇ ಕಂಡು ಮೋಸ ಮಾಡುತ್ತದೆ, ಅದಕ್ಕೇ ಮೊದಲಿನ ಚಿತ್ರ ಕೇಳಿದ್ದು. ಎರಡನ್ನೂ ಕಳೆದು ನೋಡುವ ಸಬ್‌ಟ್ರಾಕ್ಷನ್ ಚಿತ್ರ ಮಾಡಿಕೊಡಲು ಸೆಂಟರ್‌ಗೆ ಹೇಳಿ, ಮತ್ತೆ ಸ್ಕ್ಯಾನ್ ಬೇಕಿಲ್ಲ. ನಿಮ್ಮ ರಿಪೋರ್ಟ್‌ನಂತೆ ಗೋಡೆ ತೆಳುವಾಗಿ ಸಮನಾಗಿದೆ ಎಂದರೆ ಸಮಾಧಾನದ ಸಂಗತಿ. ಗೋಡೆಯಿಂದ ಒಳಕ್ಕೆ ಚಾಚಿದ, ಎನ್‌ಹ್ಯಾನ್ಸ್ ಆಗುವ ಗಂಟು ಇದ್ದರೆ, ಮುಟ್ಟಿದರೆ ಗಟ್ಟಿ ಎನಿಸಿದರೆ, ಮೂತ್ರದ್ವಾರದಿಂದ ರಕ್ತ ಬರುತ್ತಿದ್ದರೆ, ಶಸ್ತ್ರಕ್ರಿಯೆಯ ಯೋಜನೆಯೇ ಬದಲಾಗುತ್ತದೆ. ಈ ಚೀಲಗಳಲ್ಲಿ ಬರುವ ಕ್ಯಾನ್ಸರ್ ಹೆಚ್ಚಾಗಿ ಅಡಿನೋಕಾರ್ಸಿನೋಮಾ. ಕಲ್ಲು ಇದ್ದರೆ ಎಲ್ಲ ಚಿತ್ರದಲ್ಲೂ ಕಪ್ಪು ಚುಕ್ಕೆ. ಸಂಶಯವಿದ್ದರೆ ಲೇಬಿಯಾ ಸ್ಕ್ಯಾನ್‌ನಲ್ಲಿ ನೆರಳು ನೋಡಿ.

ಆಕೆಗೆ ಹಿಂದೆಂದಾದರೂ ಸೋರಿಕೆಗೆ ಯುರೆಥ್ರಾ ಸುತ್ತ ಇಂಜೆಕ್ಷನ್ ಕೊಟ್ಟಿದ್ದರೆ ತಿಳಿಸಿ. ಆ ಹೈಡ್ರೋಜೆಲ್ ಟಿ2ನಲ್ಲಿ ಬೆಳ್ಳಗೆ, ಯುರೆಥ್ರಾವನ್ನು ಅಪ್ಪಿಕೊಂಡಂತೆ, ಡೈವರ್ಟಿಕ್ಯುಲಮ್ ಎಂದೇ ನಂಬಿಸುತ್ತದೆ. ಉಳಿದ ಸಿಸ್ಟ್‌ಗಳನ್ನು ಜಾಗದಿಂದಲೇ ಬಿಡಿಸಬಹುದು: ಗಾರ್ಟ್‌ನರ್ ಸಿಸ್ಟ್ ಯೋನಿಯ ಮುಂಬದಿಯ ಪಕ್ಕದಲ್ಲಿ, ಸಿಂಫಿಸಿಸ್‌ನ ಕೆಳಂಚಿಗಿಂತ ಮೇಲೆ, ಸ್ಕೀನ್ ಸಿಸ್ಟ್ ಮೂತ್ರದ್ವಾರದ ಪಕ್ಕದಲ್ಲೇ, ಬಾರ್ಥೋಲಿನ್ ಹಿಂದೆ, ಬಾಗಿಲಲ್ಲಿ. ಯುರೆಥ್ರಾವನ್ನು ಕುದುರೆಲಾಳದಂತೆ ಸುತ್ತಿಕೊಳ್ಳುವುದು ಇವು ಯಾವುದರ ಸ್ವಭಾವವೂ ಅಲ್ಲ.

---

ಯೂರೊ ಹುಬ್ಬಳ್ಳಿ

ಟೇಪ್ ಬೇಡವೇ ಬೇಡ. ಯುರೆಥ್ರಾ ತೆರೆದು ಹೊಲಿದ ಜಾಗದ ಕೆಳಗೆ ಸಿಂಥೆಟಿಕ್ ಮೆಶ್ ಇಟ್ಟರೆ ಅದು ಕೊರೆದು ಒಳಗೆ ಬರುವ ಅಪಾಯ ಇದೆ. ಸೋರಿಕೆ ನಿಜವಾಗಿ ಇದ್ದರೆ ಆಕೆಯದೇ ರೆಕ್ಟಸ್ ಫ್ಯಾಸಿಯಾದ (ಹೊಟ್ಟೆಯ ಸ್ನಾಯುವಿನ ಗಟ್ಟಿ ಹೊದಿಕೆಯ) ಪಟ್ಟಿ ಹಾಕಬಹುದು.

ಆದರೆ ಸೋರಿಕೆ ನಿಜವೆ ಎಂದು ಮೊದಲು ತಿಳಿಯಬೇಕು. ಕೆಮ್ಮಿದಾಗ ಚೀಲದಲ್ಲಿ ನಿಂತ ಮೂತ್ರವೇ ಹೊರಬಂದರೂ ಆಕೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ: ಎಂಆರ್‌ಐ ಮುಗಿದಿದೆಯಲ್ಲ, ಈಗ ಹಿಂಡಬಹುದು. ಚೀಲವನ್ನು ಬೆರಳಿನಿಂದ ಪೂರ್ತಿ ಖಾಲಿ ಮಾಡಿ, ಮೂತ್ರಕೋಶಕ್ಕೆ 250–300 ಮಿ.ಲೀ. ಸಲೈನ್ ತುಂಬಿ, ಕ್ಯಾಥೆಟರ್ ತೆಗೆದು, ನಿಲ್ಲಿಸಿ ಕೆಮ್ಮಿಸಿ. ಆಗಲೂ ಕೆಮ್ಮಿನ ಜೊತೆಗೇ ಧಾರೆ ಬಂದರೆ ಅದು ಸ್ಟ್ರೆಸ್ ಸೋರಿಕೆ. ವಿಡಿಯೋ ಯೂರೋಡೈನಮಿಕ್ಸ್ ಸಿಗುವ ಕಡೆ ಮಾಡಿಸಿದರೆ ಬ್ಲ್ಯಾಡರ್ ನೆಕ್ ತೆರೆದಿದೆಯೆ ಎಂಬುದೂ, ಮೂತ್ರ ಮಾಡುವಾಗ ಚೀಲ ತುಂಬುವುದೂ ಒಂದೇ ಕೂರಿಕೆಯಲ್ಲಿ ಕಾಣುತ್ತದೆ.

ನಿಮ್ಮ ರಿಪೋರ್ಟ್‌ನಲ್ಲಿ ನನಗೆ ಚಿಂತೆ ತರುವುದು ಆ 8 ಮಿ.ಮೀ. ಚೀಲದ ಮೇಲಂಚು ಬ್ಲ್ಯಾಡರ್ ನೆಕ್‌ಗೆ ಅಷ್ಟು ಹತ್ತಿರ ಇದ್ದರೆ ಬಿಡಿಸುವಾಗ ಮೂತ್ರ ತಡೆಹಿಡಿಯುವ ಸ್ನಾಯು ಸ್ಫಿಂಕ್ಟರ್‌ಗೆ ಪೆಟ್ಟಾಗಿ, ಇಲ್ಲದ ಸೋರಿಕೆ ಶುರುವಾಗಬಹುದು. ಇದನ್ನು ಆಕೆಗೆ ಕನ್ನಡದಲ್ಲೇ ಕೂರಿಸಿ ಹೇಳಿ, ಒಪ್ಪಿಗೆ ಪತ್ರದಲ್ಲಿ ಬರೆಯಿಸಿ. 3ರಿಂದ 9 ಎಂದರೆ ಅರ್ಧ ಸುತ್ತು; ಹಿಂಬದಿಯಿಂದಲೇ ಬಿಡಿಸಬಹುದು. 12ನ್ನೂ ದಾಟಿ ಪೂರ್ತಿ ಸುತ್ತಿದ್ದರೆ ಯುರೆಥ್ರಾವನ್ನೇ ಕತ್ತರಿಸಿ ಮತ್ತೆ ಜೋಡಿಸಬೇಕಾದ ಸಂದರ್ಭ ಬರುತ್ತದೆ. ಅದು ಟೇಬಲ್ ಮೇಲೆ ಮೊದಲ ಸಲ ಗೊತ್ತಾಗಬಾರದು. ಆದ್ದರಿಂದ ಮುಂಬದಿಯಲ್ಲಿ, 12ರ ಹತ್ತಿರ, ಚೀಲದ ಬಾಲ ಏನಾದರೂ ಇದೆಯೆ ಎಂದು ರೇಡಿಯಾಲಜಿಸ್ಟ್ ಜೊತೆ ಕೂತು ಆಕ್ಸಿಯಲ್ ಚಿತ್ರಗಳನ್ನು ಒಂದೊಂದಾಗಿ ನೋಡಿ.

ಲೀಚ್ ಮತ್ತು ಜೊತೆಗಾರರು 1993ರಲ್ಲಿ ಕೊಟ್ಟ ಎಲ್‌ಎನ್‌ಎಸ್‌ಸಿ3 ಪಟ್ಟಿಯನ್ನು ಕೇಸ್ ಹಾಳೆಯಲ್ಲಿ ತುಂಬಿ: ಜಾಗ, ಎಷ್ಟು, ಗಾತ್ರ, ಆಕಾರ, ಯುರೆಥ್ರಾಗೆ ಬಾಯಿ ಎಲ್ಲಿ, ಸೋರಿಕೆ ಇದೆಯೆ. ಇದರಲ್ಲಿ ನಿಮಗೆ ಖಾಲಿ ಉಳಿದಿರುವುದು ಬಾಯಿ ಮತ್ತು ಸೋರಿಕೆ ಎರಡೇ. ಕೆಮ್ಮಿನ ಪರೀಕ್ಷೆ ಓಪಿಡಿಯಲ್ಲೇ ಆಗುತ್ತದೆ. ಸ್ಕೋಪನ್ನು ಶಸ್ತ್ರಕ್ರಿಯೆಯ ದಿನ ಅದೇ ಅರಿವಳಿಕೆಯಲ್ಲಿ, ಕೊಯ್ಯುವ ಮೊದಲು ಮಾಡಿದರೂ ನಡೆಯುತ್ತದೆ.

---

ಅಂಚೆಪೆಟ್ಟಿಗೆ (ಯೂರಾಲಜಿ ರೆಸಿಡೆಂಟ್)

ಸರ್, ಎರಡು ಬಲೂನಿನ ಟ್ರಾಟ್‌ನರ್ ಕ್ಯಾಥೆಟರ್‌ನಲ್ಲಿ ಒತ್ತಡ ಕೊಟ್ಟು ಕಾಂಟ್ರಾಸ್ಟ್ ತುಂಬಿಸುವ ಪರೀಕ್ಷೆ ಎಂಸಿಯುಗಿಂತ ಮೇಲಲ್ಲವೆ? ಬಾಯಿ ಕೂಡ ಅದರಲ್ಲಿ ಗೊತ್ತಾಗುತ್ತದೆ ಎಂದು ಓದಿದ್ದೇನೆ. ಸ್ಕೋಪ್‌ನಲ್ಲಿ ಬಾಯಿ ಸಿಗದಿದ್ದರೆ ಮೆಥಿಲೀನ್ ಬ್ಲೂ ಉಪಯೋಗವಿದೆಯೆ?

---

ಯೂರೊ ಹುಬ್ಬಳ್ಳಿ

ಮೇಲು ಹೌದು. ಒಂದು ಬಲೂನ್ ಬ್ಲ್ಯಾಡರ್ ನೆಕ್ ಮುಚ್ಚುತ್ತದೆ, ಇನ್ನೊಂದು ಮೂತ್ರದ್ವಾರವನ್ನು ಹೊರಗಿನಿಂದ ಒತ್ತುತ್ತದೆ, ನಡುವಿನ ತೂತಿನಿಂದ ಕಾಂಟ್ರಾಸ್ಟ್ ಹೋಗುತ್ತದೆ. ರೋಗಿ ಮೂತ್ರ ಮಾಡಬೇಕೆಂದಿಲ್ಲ. ಆದರೆ ಬಹಳ ನೋವು, ಮತ್ತು ಬಾಯಿ ಕಟ್ಟಿಕೊಂಡಿದ್ದರೆ ಇದಕ್ಕೂ ಚೀಲ ಸಿಗುವುದಿಲ್ಲ. ಗೋಡೆಯ ಆಚೆ ಏನಿದೆ ಎಂಬುದನ್ನು ಹೇಗೂ ತೋರಿಸುವುದಿಲ್ಲ. ಒಳ್ಳೆಯ ಎಂಆರ್‌ಐ ಆದ ಮೇಲೆ ನಾನು ಕೇಳುವುದಿಲ್ಲ.

ಬ್ಲೂ ಉಪಯೋಗವಿದೆ, ಅರಿವಳಿಕೆ ಕೊಟ್ಟ ಮೇಲೆ ಮಾತ್ರ. ಸಣ್ಣ ಸೂಜಿಯಿಂದ ಯೋನಿಯ ಕಡೆಯಿಂದ ಚೀಲಕ್ಕೆ ತುಂಬಾ ತೆಳು ಮಾಡಿದ 1–2 ಮಿ.ಲೀ. ಹಾಕಿ, ಸ್ಕೋಪ್‌ನಲ್ಲಿ ನೀಲಿ ಎಲ್ಲಿಂದ ಬರುತ್ತದೆ ನೋಡಬೇಕು. ಗಟ್ಟಿ ಬಣ್ಣ ಹಾಕಿದರೆ, ಅಥವಾ ಸೂಜಿ ತೂತಿನಿಂದ ಸೋರಿದರೆ, ಸುತ್ತಲಿನ ಪದರಗಳೆಲ್ಲ ನೀಲಿಯಾಗಿ ಚೀಲದ ಅಂಚೇ ಕಾಣದಂತಾಗುತ್ತದೆ. ಜಿ6ಪಿಡಿ (ರಕ್ತಕಣಗಳ ಒಂದು ಎಂಜೈಮ್) ಕೊರತೆ ಇದೆಯೆ ಎಂದು ಮುಂಚೆಯೇ ಕೇಳಿಕೊಂಡಿರಿ.

ಇನ್ನೊಂದು. ಎಂಆರ್‌ಐ ಆಕ್ಸಿಯಲ್ ಚಿತ್ರವೂ, ಅಂಗಾತ ಮಲಗಿಸಿ ಕಾಲೆತ್ತಿದಾಗ ಸರ್ಜನ್ ನೋಡುವ ನೋಟವೂ ಪಾದದ ಕಡೆಯಿಂದಲೇ. ಹಾಗಾಗಿ 5 ಗಂಟೆ ಎರಡರಲ್ಲೂ ರೋಗಿಯ ಎಡಕ್ಕೇ. ಕೆಲವು ಸರ್ಜನ್‌ಗಳು ಈ ಕೇಸನ್ನು ಬೋರಲು ಮಲಗಿಸಿ ಮಾಡುತ್ತಾರೆ. ಆಗ ಗಡಿಯಾರ ಪೂರ್ತಿ ತಿರುಗುತ್ತದೆ, 5 ಗಂಟೆ ಇದ್ದದ್ದು 11ಕ್ಕೆ ಬರುತ್ತದೆ. ಮೇಡಂ, ರೆಫರಲ್ ಪತ್ರದಲ್ಲಿ "5 ಗಂಟೆ" ಎಂದಷ್ಟೇ ಬರೆಯದೆ "ರೋಗಿಯ ಎಡ, ಹಿಂಬದಿ, ಬ್ಲ್ಯಾಡರ್ ನೆಕ್‌ನಿಂದ ಇಷ್ಟು ಮಿ.ಮೀ." ಎಂದೇ ಬರೆಯಿರಿ, ಎಂಆರ್‌ಐ ಸಿಡಿಯನ್ನೂ ಜೊತೆಗೆ ಕಳಿಸಿ.